ಆಟದ ಅನ್ನ, ಅನ್ನದ ಋಣ

ಮಳೆ ಹಿಡಿಯುವ ಮೊದಲಿನ ಒಂದು ಸಂಜೆ ನೆರೆಮನೆಯ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದರು. ಜೀನಸಿನ ಅಂಗಡಿ ನಡೆಸುವ ಮನುಷ್ಯ. ತೂಕದಲ್ಲಾಗಲಿ ಮಾತಿನಲ್ಲಾಗಲಿ ಹೆಚ್ಚುಕಡಿಮೆ ಮಾಡುವವರಲ್ಲ. ಅವರ ಮಗಳು ಮಂಗಳಾ ಕ್ರೀಡಾಂಗಣದಲ್ಲಿ ದಿನಾ ಬೆಳಗ್ಗೆ ನಾನೂರು ಮೀಟರ್ ಓಡುತ್ತಾಳೆ. ಪಿಯುಸಿ ಮುಗಿದಿದೆ. ಎರಡು ಕಾಲೇಜುಗಳಿಂದ ಕರೆ ಬಂದಿದೆ. ಒಂದು ಕಡೆಯವರು ಫೀಸು ಬೇಡ, ಹಾಸ್ಟೆಲಿನ ಊಟವಸತಿ ಪುಕ್ಕಟೆ ಎಂದಿದ್ದಾರೆ. ಇನ್ನೊಂದು ಕಡೆಯವರು ಅದರ ಮೇಲೆ ತಿಂಗಳಿಗಿಷ್ಟು ಕೈಖರ್ಚಿಗೂ ಕೊಡುತ್ತೇವೆ ಎಂದಿದ್ದಾರೆ.

“ಮಾಸ್ಟ್ರೇ, ಫೀಸು ಬಿಡುವುದು ಸರಿ, ಅದು ವಿದ್ಯೆಯ ಲೆಕ್ಕ. ಓಡಿದ್ದಕ್ಕೆ ಕೈಗೆ ದುಡ್ಡು ತೆಗೆದುಕೊಳ್ಳುವುದು ಅಂದರೆ ನನಗೆ ಎಂತದೋ ನಾಚಿಕೆ ಆಗ್ತದೆ. ಮಗಳನ್ನು ಕೂಲಿಗೆ ಕಳಿಸಿದ ಹಾಗೆ ಆಗುವುದಿಲ್ಲವಾ?” ಎಂದು ಕೇಳಿದರು.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕಿತ್ತು. ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಕಳುಹಿಸಿದೆ. ಆ ಯೋಚನೆಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಆ ನಾಚಿಕೆಯ ವಿಚಾರ. ಆಟಕ್ಕೆ ಹಣ ಸೋಕಿದರೆ ಆಟ ಮೈಲಿಗೆಯಾಗುತ್ತದೆ ಎಂಬ ಭಾವನೆ ನಮಗೆ ಎಲ್ಲಿಂದ ಬಂತು? ನಮ್ಮ ಊರಿನದಂತೂ ಅಲ್ಲ. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವವನಿಗೆ ಕೋಣಗಳ ಯಜಮಾನ ಸಂಭಾವನೆ ಕೊಡುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶಕ್ಕೆ ದೇಶವೇ ಬೆರಗಾಯಿತು. ಇವರು ಓಡಿದ್ದು ಸಂಭಾವನೆಗಾಗಿ, ಆದುದರಿಂದ ಓಟ ಕಳಂಕಿತ ಎಂದು ಯಾರೂ ಹೇಳಲಿಲ್ಲ. ಯಕ್ಷಗಾನದಲ್ಲಿಯೂ ಹಾಗೆಯೇ. ವೃತ್ತಿ ಮೇಳದ ಕಲಾವಿದನಿಗೆ ತಿರುಗಾಟದ ಸಂಬಳವುಂಟು. ಹವ್ಯಾಸಿ ಸಂಘದವನು ಕೈಯಿಂದ ಖರ್ಚು ಮಾಡಿ ಕುಣಿಯುತ್ತಾನೆ. ಇಬ್ಬರೂ ಒಂದೇ ಗಣಪತಿಗೆ ಕೈಮುಗಿದು ರಂಗಸ್ಥಳಕ್ಕೆ ಬರುತ್ತಾರೆ. ಸಂಬಳ ಪಡೆದವನ ಕುಣಿತದಲ್ಲಿ ಭಕ್ತಿ ಕಡಿಮೆಯೆಂದು ಹೇಳಿದರೆ ಊರವರು ನಕ್ಕಾರು.

ಈ ಮಡಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಹೆನ್ಲಿ ಎಂಬ ಊರಿನ ಹೆಸರಾಂತ ದೋಣಿಪಂದ್ಯಾಟದವರು 1879ರಲ್ಲಿ ‘ಹವ್ಯಾಸಿ’ ಎಂದರೆ ಯಾರು ಎಂಬುದಕ್ಕೆ ನಿಯಮ ಬರೆದರು. ಕಸುಬಿನಿಂದ ಮೆಕ್ಯಾನಿಕ್, ಕುಶಲಕರ್ಮಿ ಅಥವಾ ಕೂಲಿಕಾರನಾದವನು ಆ ನಿಯಮದ ಪ್ರಕಾರ ಹವ್ಯಾಸಿಯೇ ಅಲ್ಲ! ಹಣದ ಮೈಲಿಗೆಯೆಂದು ಹೊರಗೆ ಹೇಳಿದರೂ ಒಳಗೆ ಅದು ಬಡವನ ಮೈಲಿಗೆಯೇ ಆಗಿತ್ತು. ಅದರ ಏಟು ತಿಂದವರಲ್ಲಿ ಅಮೆರಿಕದ ಜಿಮ್ ಥಾರ್ಪ್ ಒಬ್ಬ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಆತ ಎರಡು ಚಿನ್ನ ಗೆದ್ದ. 1909 ಮತ್ತು 1910ರ ಬೇಸಗೆಯಲ್ಲಿ ಸಣ್ಣ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂದು ಮರುವರ್ಷವೇ ಎರಡನ್ನೂ ಕಿತ್ತುಕೊಂಡರು. ಆತ 1953ರಲ್ಲಿ ತೀರಿಕೊಂಡ. ಪದಕಗಳ ಗೌರವವನ್ನು ಮರಳಿಸಲು ಒಲಿಂಪಿಕ್ ಸಮಿತಿ ನಿರ್ಧರಿಸಿದ್ದು 1982ರಲ್ಲಿ. ಆ ಎರಡು ಸ್ಪರ್ಧೆಗಳಿಗೆ ಆತನೊಬ್ಬನೇ ವಿಜೇತನೆಂದು ಒಪ್ಪಿದ್ದು 2022ರಲ್ಲಿ. ಮನೆಯಲ್ಲಿ ಅನ್ನವಿದ್ದವನಿಗೆ ‘ಆಟಕ್ಕಾಗಿ ಆಟ’ ಎನ್ನುವುದು ಸುಲಭ. ಇಲ್ಲದವನಿಗೆ ಅದೊಂದು ಬಾಗಿಲು ಮುಚ್ಚುವ ಮಾತು. ಆದುದರಿಂದ ನೆರೆಯವರ ನಾಚಿಕೆಗೆ ನಾನು ಧೈರ್ಯವಾಗಿ ಹೇಳಬಲ್ಲೆ: ಹಣದಿಂದ ಆಟ ಕೆಡುವುದಿಲ್ಲ.

ಹಾಗಾದರೆ ಕೊಡಬೇಕೇ? ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಕರಾವಳಿಯ ಕಾಲೇಜುಗಳು ಈಗಾಗಲೇ ಕೊಡುತ್ತಿವೆ. ನೋಟಿನ ರೂಪದಲ್ಲಿ ಅಲ್ಲ. ಸೀಟು, ಹಾಸ್ಟೆಲು, ಮೊಟ್ಟೆ, ಹಾಲು, ಶೂಸು, ರೈಲಿನ ಟಿಕೇಟು, ತರಬೇತುದಾರ—ಈ ರೂಪದಲ್ಲಿ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರರನ್ನು ‘ದತ್ತು’ ತೆಗೆದುಕೊಂಡು ಉಚಿತವಾಗಿ ಓದಿಸುವ ಕ್ರಮವನ್ನು ಊರೆಲ್ಲ ಬಲ್ಲದು. ಅದರ ಫಲವನ್ನೂ ಕಂಡಿದ್ದೇವೆ. 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯ, ತನಗಿಂತ ಎಷ್ಟೋ ಹಿರಿಯ ವಿಶ್ವವಿದ್ಯಾಲಯಗಳನ್ನು ಹಿಂದಿಕ್ಕಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟದ ಸಮಗ್ರ ಪ್ರಶಸ್ತಿಯನ್ನು ಮತ್ತೆ ಮತ್ತೆ ತಂದಿತು. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೇ ಗೆದ್ದಿತು. ಕೇಂದ್ರ ಸರಕಾರವೂ ‘ಖೇಲೋ ಇಂಡಿಯಾ’ದಲ್ಲಿ ಆಯ್ದ ಎಳೆಯ ಆಟಗಾರರಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವನ್ನು ಗೊತ್ತುಮಾಡಿತು. ಅದರಲ್ಲಿ 1.20 ಲಕ್ಷ, ಅಂದರೆ ತಿಂಗಳಿಗೆ 10,000 ರೂಪಾಯಿ, ನೇರವಾಗಿ ಕೈಖರ್ಚಿಗೆ. ಅಲ್ಲಿಗೆ, ಕೊಡಬೇಕೇ ಬೇಡವೇ ಎಂಬ ಚರ್ಚೆ ಎಂದೋ ಮುಗಿದಿದೆ. ಕೊಟ್ಟದ್ದಕ್ಕೆ ಏನೆಂದು ಹೆಸರು ಎಂಬುದೇ ಉಳಿದ ಪ್ರಶ್ನೆ.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ನಾನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನಿದ್ದ ಕಾಲೇಜಿನ ಹೆಸರು ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲನ್ನು ಹೇಳಲು ಅದು ಬೇಕಾಗಿಯೂ ಇಲ್ಲ. ಘಟ್ಟದ ಬುಡದ ಒಂದು ಹಳ್ಳಿಯಿಂದ ಬಂದ ಹುಡುಗ ಕಬಡ್ಡಿಯ ರಿಯಾಯಿತಿಯಲ್ಲಿ ಸೇರಿದ್ದ. ಎರಡು ವರ್ಷ ತಂಡವನ್ನು ಹೆಗಲ ಮೇಲೆ ಹೊತ್ತ. ಆತ ಎತ್ತಿ ತಂದ ಟ್ರೋಫಿಗಳು ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಕಪಾಟಿನಲ್ಲಿದ್ದವು, ಆತನ ಚಿತ್ರ ಕಾಲೇಜಿನ ಕರಪತ್ರದ ಮುಖಪುಟದಲ್ಲಿತ್ತು. ಮೂರನೆಯ ವರ್ಷದ ಆರಂಭದಲ್ಲಿ ಒಂದು ಪಂದ್ಯಾಟದಲ್ಲಿ ಮೊಣಕಾಲು ತಿರುಚಿ ಲಿಗಮೆಂಟು ಹರಿಯಿತು. ಮತ್ತೆ ಆಡುವಂತಿರಲಿಲ್ಲ. ಸಮಿತಿಯ ಸಭೆ ಸೇರಿತು. ಅದರಲ್ಲಿ ನಾನೂ ಒಬ್ಬ. ಚಹಾ ಬಂತು, ಗೋಳಿಬಜೆ ಬಂತು. ‘ಕ್ರೀಡಾ ರಿಯಾಯಿತಿಯು ಆಡುವ ವಿದ್ಯಾರ್ಥಿಗಳಿಗೆ ಮಾತ್ರ, ಆಡದವರಿಗೆ ಮುಂದುವರಿಸಲು ನಿಯಮದಲ್ಲಿ ಅವಕಾಶವಿಲ್ಲ’ ಎಂದು ಒಂದು ಸಾಲಿನ ನಿರ್ಣಯವಾಯಿತು. ನಿಯಮ ಹಾಗೆಯೇ ಇತ್ತು. ನಾನು ರುಜು ಹಾಕಿದೆ.

ಹುಡುಗನ ಮನೆಯವರಿಗೆ ಫೀಸು ಕಟ್ಟುವ ಶಕ್ತಿ ಇರಲಿಲ್ಲ. ಟಿ.ಸಿ. ತೆಗೆದುಕೊಳ್ಳಲು ಬಂದವನು ನನ್ನನ್ನೂ ಕಂಡು ಹೋಗಲು ಬಂದ. ನನ್ನ ಎದುರು ನಿಂತು, “ತೊಂದರೆ ಇಲ್ಲ ಸರ್. ಎರಡು ವರ್ಷ ನೀವೆಲ್ಲ ಚೆನ್ನಾಗಿ ನೋಡಿಕೊಂಡಿದ್ದೀರಿ” ಎಂದ. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಆತ ಕೃತಜ್ಞತೆ ಹೇಳಿದ, ಅದನ್ನು ಮರೆಯಲಾಗಿಲ್ಲ.

ಯಾಕೆಂದರೆ ಆತ ಆ ಎರಡು ವರ್ಷದ ಅನ್ನವನ್ನು ದಾನವೆಂದು ತಿಳಿದಿದ್ದ. ನಾವಾದರೋ ಅದನ್ನು ಕೂಲಿಯೆಂದು ಲೆಕ್ಕ ಹಾಕಿದ್ದೆವು. ಕೆಲಸ ನಿಂತ ದಿನ ಕೂಲಿಯನ್ನು ನಿಲ್ಲಿಸಿದೆವು. ದಾನವೇ ಆಗಿದ್ದರೆ ಕಾಲು ಮುರಿದವನಿಂದ ಅದನ್ನು ಹಿಂದಕ್ಕೆ ಪಡೆಯುವುದು ಯಾವ ಧರ್ಮ? ಕೂಲಿಯೇ ಆಗಿದ್ದರೆ, ಕೂಲಿಯವನಿಗೂ ಒಂದು ಹಕ್ಕಿದೆ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಂಥ ಕಾರ್ಖಾನೆಗಳ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಕಾರ್ಮಿಕನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂತು. ನಮ್ಮ ಹುಡುಗನಿಗೆ ದಾನದ ಭದ್ರತೆಯೂ ಸಿಗಲಿಲ್ಲ, ಕೂಲಿಯ ಹಕ್ಕೂ ಸಿಗಲಿಲ್ಲ. ಆತನಿಂದ ಕೃತಜ್ಞತೆ ಬೇಕಾದಾಗ ನಾವು ದಾನಿಗಳು. ನಮ್ಮಿಂದ ಖರ್ಚು ಬೇಕಾದಾಗ ನಾವು ಲೆಕ್ಕಿಗರು.

ತಾಳಮದ್ದಳೆಯ ಕೂಟಗಳಲ್ಲಿ ಕರ್ಣನ ಅರ್ಥವನ್ನು ಎಷ್ಟು ಸಲ ಕೇಳಿಲ್ಲ ನಾವು! ಉಂಡ ಅನ್ನದ ಋಣಕ್ಕಾಗಿ ಒಡಹುಟ್ಟಿದವರನ್ನೂ ರಾಜ್ಯವನ್ನೂ ಬಿಟ್ಟವನೆಂದು ಸಭೆ ಕಣ್ಣೀರಿಡುತ್ತದೆ. ಉಂಡವನ ಋಣವನ್ನು ಕುರಿತು ನಮಗೆ ತುಂಬ ಮಾತುಗಳಿವೆ. ಉಣ್ಣಿಸಿದವನ ಋಣವನ್ನು ಕುರಿತು ಅಷ್ಟಿಲ್ಲ. ಆದರೆ ಆ ಹುಡುಗನ ಮೊಣಕಾಲಿನಿಂದ ಕಾಲೇಜಿಗೆ ಹೆಸರು ಬಂತು, ಹೆಸರಿನಿಂದ ಮಕ್ಕಳು ಬಂದರು, ಮಕ್ಕಳಿಂದ ಫೀಸು ಬಂತು. ಋಣ ಎರಡೂ ಕಡೆಗಿತ್ತು. ಒಂದು ಕಡೆಯದನ್ನು ಮಾತ್ರ ನಾವು ವಸೂಲು ಮಾಡಿದೆವು.

ಅಮೆರಿಕದ ಕಥೆ ಇಲ್ಲಿ ನಮಗೆ ಪಾಠವಾಗಬಹುದು. ಅಲ್ಲಿ ಕಾಲೇಜಿನ ಫುಟ್‌ಬಾಲೆಂದರೆ ಕೋಟಿಗಟ್ಟಲೆ ಡಾಲರಿನ ವ್ಯಾಪಾರ. ಕೊಲರಾಡೊದ ಒಂದು ಸಣ್ಣ ಕಾಲೇಜಿಗೆ ಆಡುತ್ತಿದ್ದ ರೇ ಡೆನಿಸನ್ ಎಂಬ ಆಟಗಾರ 1955ರಲ್ಲಿ ತಲೆಗೆ ಏಟು ಬಿದ್ದು ಸತ್ತ. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಆ ದಶಕದಲ್ಲೇ ಅಲ್ಲಿನ ಕಾಲೇಜು ಕ್ರೀಡೆಗಳ ಒಕ್ಕೂಟ ‘ವಿದ್ಯಾರ್ಥಿ ಕ್ರೀಡಾಪಟು’ ಎಂಬ ಗೌರವದ ಹೆಸರನ್ನು ಚಲಾವಣೆಗೆ ತಂದಿತು. ಆಟಗಾರನನ್ನು ನೌಕರನೆಂದು ಯಾರೂ ಕರೆಯದಿರಲೆಂದೇ ಆ ಹೆಸರನ್ನು ಹೊಸೆದೆವೆಂದು ಒಕ್ಕೂಟದ ಅಂದಿನ ಮುಖ್ಯಸ್ಥ ವಾಲ್ಟರ್ ಬೈಯರ್ಸ್ 1995ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ನಾಲ್ಕು ವರ್ಷಕ್ಕೆ ಸಿಗುತ್ತಿದ್ದ ವಿದ್ಯಾರ್ಥಿವೇತನವನ್ನು 1973ರಲ್ಲಿ ಒಂದೊಂದೇ ವರ್ಷಕ್ಕೆ ಇಳಿಸಿದರು. ಮುಂದಿನ ವರ್ಷದ್ದು ಅವರ ಮರ್ಜಿ.

ಹೀಗೆ ಸಣ್ಣ ಕರ್ತವ್ಯವನ್ನು ತಪ್ಪಿಸಿಕೊಂಡವರು ಕೊನೆಗೆ ದೊಡ್ಡ ಬಿಲ್ಲನ್ನು ಕಟ್ಟಬೇಕಾಯಿತು. 2021ರ ಜೂನಿನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಒಕ್ಕೂಟದ ವಿರುದ್ಧ ತೀರ್ಪಿತ್ತರು. ಮರುತಿಂಗಳು ಆಟಗಾರರಿಗೆ ತಮ್ಮ ಹೆಸರು ಮತ್ತು ಚಿತ್ರಗಳಿಂದ ಗಳಿಸುವ ಅನುಮತಿ ದೊರೆಯಿತು. 2025ರ ಜೂನಿನಲ್ಲಿ ಒಪ್ಪಿತವಾದ ರಾಜಿಯಂತೆ ಒಂದೊಂದು ಕಾಲೇಜು ಮೊದಲ ವರ್ಷವೇ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದಾಯಿತು. ಅಲ್ಲಿನ ಆಟಗಾರ ಇನ್ನು ಮೇಲೆ ಚೌಕಾಸಿ ಮಾಡಿಯಾನು. ಅದು ತಪ್ಪೆಂದು ನಾನು ಹೇಳಲಾರೆ. ಋಣವೆಂದು ಒಪ್ಪದವರಿಂದ ಬಾಕಿಯೆಂದು ವಸೂಲು ಮಾಡಿದ, ಅಷ್ಟೆ.

ನಮ್ಮಲ್ಲಿ ಆ ಹಣವಿಲ್ಲ. ಅಂತರ ಕಾಲೇಜು ಪಂದ್ಯಾಟಕ್ಕೆ ಟಿಕೇಟು ಕೊಂಡು ಬರುವವರು ಯಾರು? ಸಂಬಳವೆಂದು ಕೊಡಹೊರಟರೆ ಅದು ಉಳಿದ ಮಕ್ಕಳ ಫೀಸಿನಿಂದಲೇ ಬರಬೇಕು. ಹತ್ತು ಗಂಟೆಯ ತನಕ ಪುಸ್ತಕ ಹಿಡಿದು ಕೂರುವ ಬಡ ಹುಡುಗಿಗೆ ಇಲ್ಲದ ಸಂಬಳ ಓಡುವವಳಿಗೆ ಮಾತ್ರ ಯಾಕೆ ಎಂದು ಕೇಳಿದರೆ ಅದಕ್ಕೂ ಉತ್ತರ ಬೇಕು. ಸಂಬಳ ಬಂದಲ್ಲಿ ಯಜಮಾನನೂ ಬರುತ್ತಾನೆ. ಇವತ್ತು ಪರೀಕ್ಷೆ, ಓಡಲಾರೆ ಎಂದು ಸಂಬಳದವಳು ಹೇಳಲಾರಳು. ಒಂದು ಕಾಲೇಜಿನ ಅನ್ನ ಉಂಡು, ಹೆಚ್ಚು ಕೊಡುವವರು ಕರೆದೊಡನೆ ಇನ್ನೊಂದಕ್ಕೆ ಹಾರುವ ಆಟಗಾರರೂ ಇದ್ದಾರೆಂಬ ಕಾಲೇಜಿನವರ ದೂರು ಸುಳ್ಳಲ್ಲ. ಆದುದರಿಂದ ಸಂಬಳದ ವಾದಕ್ಕೆ ನಾನು ಸೇರಲಾರೆ.

ಆದರೆ ಸಂಬಳವಲ್ಲವೆಂದು ಹೇಳುವ ಬಾಯಿ ಮೂರು ಮಾತನ್ನು ಕೊಡಬೇಕು. ಆಟಕ್ಕಾಗಿ ಕೊಟ್ಟ ಸೀಟು ಡಿಗ್ರಿ ಮುಗಿಯುವ ತನಕ ಇರಬೇಕು, ಕಾಲಿದ್ದರೂ ಸರಿ, ಕಾಲು ಹೋದರೂ ಸರಿ. ಕಾಲೇಜಿನ ಬನಿಯನು ತೊಟ್ಟು ಆದ ಗಾಯದ ಚಿಕಿತ್ಸೆ ಕಾಲೇಜಿನದಾಗಬೇಕು. ಆಟಗಾರನ ಚಿತ್ರದಿಂದ ಯಾರಾದರೂ ಹಣ ಮಾಡುವುದಾದರೆ ಅದರಲ್ಲಿ ಆತನಿಗೂ ಪಾಲಿರಬೇಕು. ಕೈಖರ್ಚಿಗೆ ಕೊಡುವುದಿದ್ದರೆ ಧಾರಾಳ ಕೊಡಲಿ. ಬಸ್ಸಿಗೂ ಬಾಳೆಹಣ್ಣಿಗೂ ದುಡ್ಡು ಬೇಕಲ್ಲ. ಈ ಮೂರಿಲ್ಲದೆ ಎಷ್ಟು ಕೈಖರ್ಚು ಕೊಟ್ಟರೂ ಅದು ಗಾಳದ ಎರೆ.

ಮಂಗಳೂರಿನಲ್ಲಿ ಬೆಳೆದ ಪೂವಮ್ಮನವರು 2014ರ ಇಂಚಿಯಾನ್ ಮತ್ತು 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ 4×400 ರಿಲೇಯ ಚಿನ್ನದ ತಂಡದಲ್ಲಿ ಓಡಿದರು. ಒಎನ್‌ಜಿಸಿಯಲ್ಲಿ ಉದ್ಯೋಗವೂ ದೊರೆಯಿತು. ನಮ್ಮೂರ ಮಕ್ಕಳು ಬೆಳಗ್ಗೆ ಐದಕ್ಕೆ ಏಳುವುದು ಅಂಥವರನ್ನು ಕಂಡೇ. ಅವರು ಎದ್ದೇಳಲಿ. ಆದರೆ ಅಷ್ಟು ಎತ್ತರಕ್ಕೆ ಏರುವವರು ಕೆಲವರೇ; ಉಳಿದವರಿಗೆ ಆಟದಿಂದ ಕೊನೆಗೆ ಉಳಿಯುವುದು ಆ ಡಿಗ್ರಿಯ ಕಾಗದವೊಂದೇ. ಅದನ್ನೂ ಮೊಣಕಾಲಿಗೆ ಕಟ್ಟಿಹಾಕಿದರೆ ಅವರಿಗೇನು ಉಳಿಯಿತು?

ಮರುದಿನ ನೆರೆಯವರ ಅಂಗಡಿಗೆ ನಾನೇ ಹೋದೆ. ಅವರು ಬೆಲ್ಲ ತೂಗುತ್ತಿದ್ದರು. “ದುಡ್ಡಿಗೆ ನಾಚಬೇಡಿ,” ಎಂದೆ. “ಎರಡೂ ಕಾಲೇಜಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ನನ್ನ ಮಗಳ ಕಾಲು ಮುರಿದರೆ ಮರುವರ್ಷ ಅವಳು ಇಲ್ಲಿ ಓದಬಹುದೋ ಇಲ್ಲವೋ? ಹೌದು ಎಂದರೆ ಕಾಗದದಲ್ಲಿ ಬರೆದು ಕೊಡಲಿಕ್ಕೆ ಹೇಳಿ. ಬರೆದು ಕೊಟ್ಟ ಕಡೆಗೆ ಸೇರಿಸಿ.”

ಅವರು ಸ್ವಲ್ಪ ಹೊತ್ತು ತಕ್ಕಡಿಯನ್ನೇ ನೋಡುತ್ತಿದ್ದು, “ಹಾಗೆ ಯಾರಾದರೂ ಬರೆದು ಕೊಡ್ತಾರಾ ಮಾಸ್ಟ್ರೇ?” ಎಂದರು.

ಇಪ್ಪತ್ತು ವರ್ಷಗಳ ಹಿಂದೆ ನಾನು ಬರೆದುಕೊಡಬಹುದಿತ್ತು. ಆ ಸಭೆಯಲ್ಲಿ ಲೇಖನಿ ನನ್ನ ಕೈಯಲ್ಲಿಯೂ ಇತ್ತು.