ಚೋಮನಿಗೆ ಸಂಗಡಿಗರು ಯಾರು?

ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ಈ ತಿಂಗಳು ಮನೆಯವರೆಲ್ಲರೂ ಕೂಡಿ ಓದಬೇಕೆಂದು ಅಪೇಕ್ಷಿಸುತ್ತೇವೆ. ಹೊಟ್ಟೆಯ ಪಾಡಿಗಾಗಿ ಪರರ ಹೊಲದಲ್ಲಿ ತೆನೆ ಆಯ್ದ ಪರದೇಶದ ಹೆಂಗಸಿನ ಚರಿತ್ರೆಯು ಅಲ್ಲಿ ಅದೆ. ಅದಕ್ಕೆ ಮುಂಚೆ ನಮ್ಮ ಭಾಷೆಯ ಒಂದು ಕಾದಂಬರಿಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವೆವು. ಧರ್ಮಬೋಧೆಯಲ್ಲಿ ಕಾದಂಬರಿ ಯಾತಕ್ಕೆಂದು ಹಿರಿಯರು ಕೇಳಾರು. ಅಗಡಿಯವರಂತೂ ಕೇಳಲಾರರು, ‘ಸದ್ಬೋಧ ಚಂದ್ರಿಕೆ’ಯು ಹೊರಟದ್ದೂ, ಗಳಗನಾಥರು ಅದರ ಮೂಲಕ ಕನ್ನಡಿಗರಿಗೆ ಕಥೆ ಓದುವ ರುಚಿಯನ್ನು ಹಚ್ಚಿದ್ದೂ ಅವರ ಊರಿನಿಂದಲೇ ಅಲ್ಲವೇ?

ಶಿವರಾಮ ಕಾರಂತರ ‘ಚೋಮನ ದುಡಿ’ಯು 1933ರಲ್ಲಿ ಪ್ರಕಟವಾಯಿತು. ಅಸ್ಪೃಶ್ಯನಾದ ಚೋಮನಿಗೆ ಒಂದೇ ಆಸೆ: ತುಂಡು ಭೂಮಿಯನ್ನು ತಾನೇ ಉಳಬೇಕು. ಎತ್ತುಗಳಿದ್ದವು, ಭೂಮಿ ಸಿಕ್ಕಲಿಲ್ಲ. ಸಾಲ ತೀರಿಸುವದಕ್ಕೆ ಇಬ್ಬರು ಗಂಡುಮಕ್ಕಳು ಕಾಫಿ ತೋಟಕ್ಕೆ ಹೋದರು. ಒಬ್ಬನು ರೋಗದಿಂದ ಸತ್ತನು. ಇನ್ನೊಬ್ಬನು ಕ್ರೈಸ್ತಳನ್ನು ಮದುವೆಯಾಗಿ ತಂದೆಯಿಂದ ದೂರವಾದನು. ಮಗಳಾದ ಬೆಳ್ಳಿಯು ತೋಟಕ್ಕೆ ಹೋಗಿ ಮೋಸಹೋದಳು. ಚಿಕ್ಕವನು ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಅಂಜಿ ಕೈ ಕೊಡಲಿಲ್ಲ. ಇಷ್ಟು ದುಃಖವನ್ನು ಚೋಮನು ಯಾರ ಮುಂದೆ ತೋಡಿಕೊಂಡನು? ದುಡಿಯ ಮುಂದೆ. ಕಡೆಗೆ ಬಾಗಿಲು ಮುಚ್ಚಿ ಅದನ್ನು ಬಾರಿಸುತ್ತಲೇ ಪ್ರಾಣ ಬಿಟ್ಟನು.

ಈ ಕಥೆಯು ನಮ್ಮನ್ನು ಹೊಗಳುವದಿಲ್ಲ. ಬೆಳ್ಳಿಯನ್ನು ಕೆಡಿಸಿದ ತೋಟದವರು ಹೆಸರಿನಿಂದ ಕ್ರೈಸ್ತರು. ಭೂಮಿಯ ಆಸೆಯಿಂದ ಚೋಮನ ಮನಸ್ಸು ಪಾದ್ರಿಗಳ ಕಡೆಗೂ ಓಡಿತು, ಆದರೆ ತನ್ನ ದೈವವನ್ನು ಬಿಡಲಾರದೆ ಹಿಂದೆಗೆದನು. ಅದು ಅವನ ದೋಷವೆಂದು ನಾವು ಎಣಿಸುವದಿಲ್ಲ. ಅವನಿಗೆ ಭೂಮಿಯನ್ನು ತೋರಿಸುವವರು ಇದ್ದರು; ಅವನ ಗುಡಿಸಲ ಮುಂದೆ ಕೂತು ದುಡಿಯನ್ನು ಕೇಳುವವರು ಇರಲಿಲ್ಲ.

ಅಮೇರಿಕದ ಸ್ಟೈನ್‌ಬೆಕ್ ಎಂಬವರು 1937ರಲ್ಲಿ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಕಥೆಯಲ್ಲಿಯೂ ಇದೇ ಆಸೆ ಅದೆ. ಜಾರ್ಜ್ ಮತ್ತು ಲೆನ್ನಿ ಎಂಬ ಇಬ್ಬರು ಕೂಲಿಯವರು ತೋಟದಿಂದ ತೋಟಕ್ಕೆ ಅಲೆಯುತ್ತಾ, ಎಂದಾದರೂ ಕೊಳ್ಳುವ ಸ್ವಲ್ಪ ಭೂಮಿಯನ್ನು ಕುರಿತು ಮಾತಾಡಿಕೊಳ್ಳುವರು. ಅವರ ಅಂತ್ಯವು ಭಯಂಕರವೇ. ಗೆಳೆಯನೇ ಗೆಳೆಯನನ್ನು ಕೊಲ್ಲಬೇಕಾಯಿತು. ಆದರೂ ಅಲ್ಲಿಯ ವರೆಗೆ ಒಬ್ಬರಿಗೊಬ್ಬರು ಇದ್ದರು. ಆ ತೋಟದ ಕ್ರುಕ್ಸ್ ಎಂಬ ಕರಿಯನಿಗೋ ಅದೂ ಇರಲಿಲ್ಲ. ಬಿಳಿಯರು ಮಲಗುವ ಮನೆಯೊಳಗೆ ಅವನಿಗೆ ಪ್ರವೇಶವಿಲ್ಲದ್ದರಿಂದ ಕುದುರೆಗಳ ಬಳಿಯಲ್ಲಿ ತನ್ನ ಪುಸ್ತಕಗಳೊಂದಿಗೆ ಒಂಟಿಯಾಗಿದ್ದನು. ನಮ್ಮ ಊರುಗಳ ಕೇರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಜೀತದ ಪದ್ಧತಿಯನ್ನು 1976ರ ಕಾನೂನು ರದ್ದುಮಾಡಿತು. ಆದರೆ ಊರು ಬಿಡುವದು ನಿಂತಿಲ್ಲ. ಚೋಮನ ಮಕ್ಕಳು ಘಟ್ಟ ಹತ್ತಿದರು. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಯೌವನಸ್ಥರು ಮಂಗಳೂರಿಗೂ ಗೋವೆಗೂ ಘಟ್ಟ ಇಳಿದು ಕಟ್ಟಡದ ಕೆಲಸ ಮಾಡುತ್ತಾರೆ. 2020ನೆಯ ಮಾರ್ಚ್ 25ರಿಂದ ದೇಶವೆಲ್ಲಾ ಮುಚ್ಚಲ್ಪಟ್ಟಾಗ ಅಂಥವರು ಸಂಬಳವೂ ಬಸ್ಸೂ ಇಲ್ಲದೆ ಸಿಕ್ಕಿಬಿದ್ದರು. ನಡೆದೇ ಹೊರಟವರೂ ಉಂಟು. ತಾವು ಎತ್ತಿದ ಮನೆಗಳಲ್ಲಿ ತಮ್ಮನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಮಂದಿ ಎಂಬದು ಆಗ ಅವರಿಗೆ ಗೊತ್ತಾಯಿತು. ಈಗ ಮಗನ ಕಿಸೆಯಲ್ಲಿ ಮೊಬೈಲ್ ಇದೆ, ನಿಜ. ಆದರೆ ಅದರಲ್ಲಿ ಅವನು ತಾಯಿಗೆ ಹೇಳುವದು ‘ಆರಾಮ ಇದ್ದೇನವ್ವಾ’ ಎಂಬದೊಂದೇ; ತಾಯಿಯೂ ಅದನ್ನೇ ಹೇಳುವಳು. ಇಬ್ಬರೂ ಸುಳ್ಳಾಡುವದು ಪ್ರೀತಿಯಿಂದಲೇ.

ಹೋದವರನ್ನು ನೆನಸುವ ನಾವು ಬಂದವರನ್ನು ನೋಡುತ್ತೇವೋ? ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು ಸೆರಗಿನಿಂದ ಕಣ್ಣೊರಸಿಕೊಳ್ಳುವಾಗ ಅದು ಘಾಟಿನ ನೀರೆಂದೇ ಎಲ್ಲರೂ ತಿಳಿಯುವರು.

ಬೋವಜನ ಹೊಲಕ್ಕೆ ಮರಳಿ ಬರುವೆವು. ಅವನು ರೂತಳಿಗೆ ತೆನೆಗಳನ್ನು ಮಾತ್ರ ಬಿಡಿಸಿದ್ದರೆ ಅದು ದಾನವಾಗುತ್ತಿತ್ತು. ಊಟದ ಹೊತ್ತಿನಲ್ಲಿ ಅವಳನ್ನು ಹತ್ತಿರಕ್ಕೆ ಕರೆದನು. ಅವಳು ಕೊಯ್ಯುವವರ ಪಕ್ಕದಲ್ಲಿ ಕೂತುಕೊಂಡಳು. ಅವನು ತಾನೇ ಹುರಿದ ಕಾಳನ್ನು ಕೊಟ್ಟನು. ಅವಳು ತೃಪ್ತಿಯಾಗಿ ಉಂಡು, ಉಳಿದದ್ದನ್ನು ಮುದುಕಿಯಾದ ಅತ್ತೆಗೆ ಕಟ್ಟಿಕೊಂಡು ಹೋದಳು. ಆ ರಾತ್ರಿ ನೊವೊಮಿಯು, ಈ ಹೊತ್ತು ಎಲ್ಲಿ ದುಡಿದೆ ಎಂದು ಸೊಸೆಯನ್ನು ಕೇಳಿದಳು.