ಕೈಗಂಟಿದ ರೂಢಿ

ಇಪ್ಪತ್ತು ವರ್ಷ ಓಡಿಸಿದ ಬೈಕು ಮಾರಿ ಹೊಸದನ್ನು ತಂದ ವಾರವೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ನಡುವೆ, ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡ ಐಕ್ಯಮಂಟಪ ನೋಡಿ ಹೊರಟೆವು. ಕ್ಲಚ್ ಬಿಟ್ಟೆನೋ ಇಲ್ಲವೋ, ಗಾಡಿ ಹೋರಿಯಂತೆ ಜಿಗಿಯಿತು. ಹೆಂಡತಿ ಬೀಳುವುದೊಂದು ಬಾಕಿ. ನಾನು ಗಾಡಿಯನ್ನು ಬೈದೆ.

ಹಳೆಯದರಲ್ಲಿ ಪ್ಲೇಟು ಸವೆದು, ಹಿಡಿಕೆ ಪೂರಾ ಬಿಡುವ ಹೊತ್ತಿಗೆ ಕ್ಲಚ್ ಹಿಡಿಯುತ್ತಿತ್ತು. ಇದು ಅರ್ಧಕ್ಕೇ ಹಿಡಿಯುತ್ತದೆ. 'ಹಳೇದರಂಗ ಮಾಡಿಕೊಡಪಾ' ಎಂದು ಹುನಗುಂದದ ಗ್ಯಾರೇಜಿನವನಿಗೆ ಹೇಳಿದೆ. ಆತ ನಕ್ಕ. 'ವೈರ್ ಬಿಗದ್ರ ಹಂಗ ಆಕ್ಕೈತ್ರೀ ಸರ. ಆದ್ರ ಪ್ಲೇಟ್ ಜಾರಿ ಸುಟ್ಟು ಹೊಕ್ಕಾವು. ಗಾಡಿ ಚೊಲೊ ಐತಿ, ನಿಮ್ಮ ಕೈನ ಇನ್ನಾ ಹಳೇ ಗಾಡಿ ಮ್ಯಾಗ ಐತಿ.'

ಸವೆತವನ್ನೇ ಸರಿಯೆಂದು ಕೈ ಕಲಿತುಬಿಟ್ಟಿತ್ತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಮಾತು ಮುಗಿಯುವ ಮೊದಲೇ ಉತ್ತರ ಹೇಳಿದ ಹುಡುಗರನ್ನು ಉದ್ಧಟರೆಂದು ಹಿಂದಿನ ಬೆಂಚಿಗೆ ಅಟ್ಟಿದ್ದುಂಟು. ಅವರಲ್ಲಿ ನಿಜವಾಗಿ ಉದ್ಧಟರೆಷ್ಟು, ನನ್ನ ರೂಢಿಗೆ ಹೊಂದದವರೆಷ್ಟು? ಆಗ ಈ ಪ್ರಶ್ನೆ ಹೊಳೆದಿರಲಿಲ್ಲ; ಈಗ ಕೇಳೋಣವೆಂದರೆ ಅವರು ಎದುರಿಗಿಲ್ಲ.

ವೈರ್ ಬಿಗಿಸಲಿಲ್ಲ. ಮುಂದಿನ ವಾರ ಮತ್ತೆ ಸಂಗಮಕ್ಕೆ ಹೋದೆವು. ಮರಳುವಾಗ ಹೆಂಡತಿ, 'ನೀವು ಗಾಡಿ ತಗೊಂಡು ಮುಂದ ನಡೀರಿ, ನಾ ಮಹಾದ್ವಾರದ ತನಾ ನಡಕೊಂತ ಬರ್ತೀನಿ' ಎಂದಳು.