ಹಡಗಿನಲ್ಲಿ ಬರುವ ಅನ್ನ, ಅದರೊಳಗಿನ ನೀರು

ವಿಷಯ

ಒಂದು ಟನ್ ಗೋಧಿ ಬೆಳೆಯಲು ಸುಮಾರು ಸಾವಿರ ಟನ್ ನೀರು ಬೇಕು. ಆದ್ದರಿಂದ ಗೋಧಿ ತರಿಸಿಕೊಳ್ಳುವ ದೇಶ ಕಣ್ಣಿಗೆ ಕಾಣದ ನೀರನ್ನೂ ತರಿಸಿಕೊಳ್ಳುತ್ತದೆ. ಇದಕ್ಕೆ ‘ವರ್ಚುವಲ್ ವಾಟರ್’ ಎಂದು ಹೆಸರಿಟ್ಟವರು ಲಂಡನ್ನಿನ ಭೂಗೋಳತಜ್ಞ ಟೋನಿ ಅಲನ್. ಈ ವಿಚಾರಕ್ಕಾಗಿ ಅವರಿಗೆ 2008ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು.

ಸಂಶಯ

ಹಾಗಾದರೆ ಆಹಾರದ ಆಮದು ದೇಶದ ನೆಲ, ಜಲಗಳನ್ನು ಕಾಯುತ್ತದೆಯೇ? ಅಥವಾ ಉಣ್ಣುವ ಅನ್ನವನ್ನೇ ಪರರ ಕೈಗೆ ಒಪ್ಪಿಸುತ್ತದೆಯೇ?

ಪೂರ್ವಪಕ್ಷ

ಆಮದೇ ಲೇಸು ಎನ್ನುವವರು ಸೌದಿ ಅರೇಬಿಯವನ್ನು ತೋರಿಸುತ್ತಾರೆ. ಅಲ್ಲಿನ ಸರ್ಕಾರ 1970ರ ದಶಕದ ಕೊನೆಯಿಂದ ಧಾರಾಳ ಸಬ್ಸಿಡಿ ಕೊಟ್ಟು ಮರಳುಗಾಡಿನಲ್ಲಿ ಗೋಧಿ ಬೆಳೆಸಿತು. 1990ರ ದಶಕದ ಆರಂಭದಲ್ಲಿ ಇಳುವರಿ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಮುಟ್ಟಿ, ಆ ದೇಶ ಗೋಧಿ ರಫ್ತನ್ನೂ ಮಾಡಿತು. ಆ ಬೆಳೆ ಕುಡಿದದ್ದು ಸಾವಿರಾರು ವರ್ಷಗಳ ಹಿಂದೆ ಇಂಗಿದ, ಮತ್ತೆ ತುಂಬದ ಅಂತರ್ಜಲವನ್ನು. ಅದು ಬತ್ತತೊಡಗಿದಾಗ, ಗೋಧಿಯ ಸರ್ಕಾರಿ ಖರೀದಿಯನ್ನು ವರ್ಷವರ್ಷವೂ ತಗ್ಗಿಸಿ 2016ಕ್ಕೆ ನಿಲ್ಲಿಸುವುದಾಗಿ 2008ರಲ್ಲಿ ತೀರ್ಮಾನವಾಯಿತು. ನೀರಿಲ್ಲದ ನಾಡು ಧಾನ್ಯ ಕೊಳ್ಳುವುದೇ ವಿವೇಕ ಎಂಬುದು ಇವರ ವಾದ.

ಸಿದ್ಧಾಂತ

ಈ ವಾದದಲ್ಲಿ ಅರ್ಧ ಸತ್ಯವಿದೆ. ಬೆಳೆ ನಿಲ್ಲಿಸಿದರೆ ಸಾಲದು, ಉಳಿದ ನೀರು ನೆಲದಲ್ಲೇ ಉಳಿಯಬೇಕು. ಸೌದಿಯಲ್ಲಿ ಗೋಧಿ ಬಿಟ್ಟ ಹಲವು ಜಮೀನುಗಳು ಕುದುರೆಮೆಂತೆಯ ಮೇವಿಗೆ ಹೊರಳಿದವು. ಅದು ಗೋಧಿಗಿಂತಲೂ ಹೆಚ್ಚು ನೀರು ಬೇಡುವ ಬೆಳೆ. ಕೊನೆಗೆ ಸರ್ಕಾರ ಮೇವಿನ ಬೇಸಾಯಕ್ಕೂ ಕಡಿವಾಣ ಹಾಕಬೇಕಾಯಿತು. ಅಲ್ಲಿನ ಅಲ್‌ಮರಾಯ್ ಡೇರಿ ಕಂಪನಿ 2014ರಲ್ಲಿ ಅಮೆರಿಕದ ಅರಿಜೋನದಲ್ಲಿ ಜಮೀನು ಕೊಂಡು, ಅಲ್ಲಿಂದ ಮೇವು ತರಿಸಿತು. ಅರಿಜೋನವೂ ಬರದ ನಾಡೇ. ಒಂದು ಮರುಭೂಮಿಯ ಹೊರೆ ಇನ್ನೊಂದು ಮರುಭೂಮಿಯ ಹೆಗಲಿಗೆ ದಾಟಿತು.

ಆಕ್ಷೇಪ: ದುಡ್ಡಿದ್ದರೆ ಆಹಾರ ಎಲ್ಲಿಂದಲಾದರೂ ಸಿಗುತ್ತದಲ್ಲ?

ಸಮಾಧಾನ: ಕಷ್ಟಕಾಲದಲ್ಲಿ ಮಾರುವವನು ಮೊದಲು ತನ್ನ ಮನೆ ನೋಡಿಕೊಳ್ಳುತ್ತಾನೆ. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯ ತಾಳೆ ಎಣ್ಣೆಯ ರಫ್ತು ತಡೆಯಿತು. ಖಾದ್ಯತೈಲದ ಅರ್ಧಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರುವ ನಮಗೆ ಅದು ಎಚ್ಚರಿಕೆ. ಮರುತಿಂಗಳೇ ನಾವೂ ಗೋಧಿಯ ರಫ್ತು ನಿಲ್ಲಿಸಿದೆವು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿದೆವು. ನಮ್ಮ ಅಕ್ಕಿಯನ್ನು ನಂಬಿದ್ದ ಬಡ ದೇಶಗಳು ಕಂಗೆಟ್ಟವು.

ಆಕ್ಷೇಪ: ಹಾಗಾದರೆ ಎಲ್ಲವನ್ನೂ ಇಲ್ಲಿಯೇ ಬೆಳೆಯಬೇಕೇ?

ಸಮಾಧಾನ: ಬೇಡ. ಹಾಗೆ ಹಟ ಹಿಡಿದ ಸೌದಿ ತನ್ನ ಹಳೆಯ ನೀರನ್ನು ಕಳೆದುಕೊಂಡಿತು. ಕೇಳಬೇಕಾದದ್ದು, ಬೆಳೆ ಯಾವ ನೀರನ್ನು ಕುಡಿಯುತ್ತದೆ ಎಂದು. ಕಲಬುರಗಿಯ ತೊಗರಿ ಬಹುಪಾಲು ಮಳೆಯ ನೀರಿನಲ್ಲೇ ಕಪ್ಪು ನೆಲದಲ್ಲಿ ಬೆಳೆಯುತ್ತದೆ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ತೊಗರಿ ತರಿಸಿದರೆ ನಮ್ಮ ಅಂತರ್ಜಲವೇನೂ ಹೆಚ್ಚು ಉಳಿಯದು. ಆದರೆ ಪಂಜಾಬ್, ಹರಿಯಾಣಗಳಲ್ಲಿ ಕೊಳವೆಬಾವಿಯ ನೀರೆತ್ತಿ ಬೆಳೆದ ಬಾಸ್ಮತಿಯನ್ನು ನಾವು ಹೊರಗೆ ಕಳಿಸುತ್ತಿದ್ದೇವೆ.

ಆಕ್ಷೇಪ: ಅಗ್ಗದ ಬೇಳೆ ಬಡವನಿಗೆ ಬೇಡವೇ?

ಸಮಾಧಾನ: ಖಂಡಿತ ಬೇಕು. ಮಳೆ ಕೈಕೊಟ್ಟ ವರ್ಷ ಆಮದು ಅನಿವಾರ್ಯ. ಆದರೆ ಕೊಯ್ಲಿನ ಹೊತ್ತಿಗೇ ಆಮದಿನ ಬೇಳೆ ಬಂದಿಳಿದು ಧಾರಣೆ ಕುಸಿದರೆ ರೈತ ತೊಗರಿ ಬಿಟ್ಟು ಕಬ್ಬಿಗೆ ಹೊರಳಬಹುದು. ಆಗ ಬೇಳೆಯೂ ಹೋಯಿತು, ನೀರೂ ಹೋಯಿತು.

ನಿರ್ಣಯ

ಅಂತರ್ಜಲವನ್ನು ಬರಿದು ಮಾಡುವ ಬೆಳೆಗೆ ಆಮದು ಸರಿ. ಮಳೆಯಲ್ಲಿ ಬೆಳೆದು ಮಣ್ಣು ಕಾಯುವ ಬೆಳೆಗೆ ಬೆಂಬಲ ಬೆಲೆಯೇ ಸರಿ. ತರಿಸುವುದಾದರೆ ಹಲವು ದೇಶಗಳಿಂದ ತರಿಸಬೇಕು, ಕಣಜ ತುಂಬಿರಬೇಕು. ಆಮದಿನ ಸುಂಕ ನಿಗದಿ ಮಾಡುವವರು ಬೆಲೆಯ ಜೊತೆಗೆ ನೀರಿನ ಲೆಕ್ಕವನ್ನೂ ಹಿಡಿಯಲಿ. ಬೇಸಾಯ ಬಿಟ್ಟ ರೈತನನ್ನು ಯಾವ ಹಡಗೂ ಮರಳಿ ತಂದುಕೊಡದು.